ಪುಣೆಯ ಸಣ್ಣ ಅಂಗಡಿ: ಒಂದು ಅಂಕಣದ ಇತಿಹಾಸ

೧

ಪುಣೆಯ ವಾಣಿಜ್ಯ ಚರಿತ್ರೆಯನ್ನು ಬರೆದವರ ದೃಷ್ಟಿಯು ಬಹುತರವಾಗಿ ಸಾವುಕಾರರ ಪೇಢಿಗಳ ಮೇಲೆಯೇ ನೆಟ್ಟಿದೆ. ಪೇಶವೆಯರ ದಂಡಯಾತ್ರೆಗಳಿಗೆ ಸಾಲ ಕೊಟ್ಟವರು, ದೂರದೂರದ ಪಟ್ಟಣಗಳ ಮೇಲೆ ಹುಂಡಿ ಬರೆದವರು, ವಾಡೆಗಳನ್ನೂ ದೇವಾಲಯಗಳನ್ನೂ ಕಟ್ಟಿಸಿದವರು—ಇವರ ಕಾಗದಪತ್ರಗಳು ದಫ್ತರಗಳಲ್ಲಿ ಉಳಿದುಬಂದಿವೆ. ಆದುದರಿಂದ ಇವರ ಚರಿತ್ರೆಯೂ ಉಳಿದುಬಂದಿದೆ. ಆದರೆ ಅದೇ ಪೇಢಿಯ ಎದುರಿನಲ್ಲಿ ಬೆಲ್ಲ, ಎಣ್ಣೆ, ಉಪ್ಪು, ಅರಿಸಿನಗಳನ್ನು ಮಾರುತ್ತ ಕುಳಿತಿದ್ದ ಸಣ್ಣ ಅಂಗಡಿಕಾರನು ಬಿಟ್ಟುಹೋದ ದಾಖಲೆ ಯಾವುದು? ಅವನ ಕಿರ್ದಿಯ ಪುಸ್ತಕವು ಲೆಕ್ಕ ಮುಗಿದ ಕೆಲಕಾಲಕ್ಕೆ ಪೊಟ್ಟಣ ಕಟ್ಟುವ ಕಾಗದವಾಯಿತು. ಅವನು ಬಿಟ್ಟುಹೋದದ್ದು ಅಂಗಡಿಯೊಂದನ್ನೇ. ಆದುದರಿಂದ ಅವನ ಚರಿತ್ರೆಯನ್ನು ಬರೆಯಹೊರಟವರು ಅಂಗಡಿಯನ್ನೇ ದಾಖಲೆಯಾಗಿ ಓದಬೇಕಾಗುತ್ತದೆ. ಅದರ ಅಗಲವೆಷ್ಟು, ಕಟ್ಟೆಯ ಎತ್ತರವೆಷ್ಟು, ಹಲಗೆಗಳು ಎಲ್ಲಿದ್ದವು, ಮಾರುವವನು ಎಲ್ಲಿ ಕೂಡುತ್ತಿದ್ದನು, ಕೊಳ್ಳುವವನು ಎಲ್ಲಿ ನಿಲ್ಲುತ್ತಿದ್ದನು ಎಂಬ ಪ್ರಶ್ನೆಗಳು ಮೇಲುನೋಟಕ್ಕೆ ಕ್ಷುಲ್ಲಕವೆಂದು ತೋರಿದರೂ, ಅಲ್ಪ ಬಂಡವಾಳದ ಮನುಷ್ಯನು ಪರಸ್ಥಳದಲ್ಲಿ ಹೇಗೆ ನೆಲೆ ಕಂಡುಕೊಂಡನು ಎಂಬ ದೊಡ್ಡ ಪ್ರಶ್ನೆಗೆ ಇವುಗಳಲ್ಲಿಯೇ ಉತ್ತರವಿದೆ.

ಹಣದ ಅಭಾವದಿಂದ ಸಣ್ಣ ಅಂಗಡಿಗೆ ಯಾವ ವಿನ್ಯಾಸವೂ ಇರಲಿಲ್ಲವೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಸೂಕ್ಷ್ಮವಾಗಿ ಪರಿಶೀಲಿಸಿದರೆ ಆ ಅಭಾವವೇ ಅದರ ವಿನ್ಯಾಸವನ್ನು ನಿರ್ಧರಿಸಿತೆಂದು ಕಂಡುಬರುತ್ತದೆ. ಇದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಪುಣೆಯ ಪೇಠಗಳೆಂದರೆ ನಮ್ಮ ಪೇಟೆಗಳೇ. ಶಬ್ದವೂ ಒಂದೇ, ವಸ್ತುವೂ ಒಂದೇ. ಇವುಗಳಲ್ಲಿ ಕೆಲವು ಪೇಶವೆಯರಿಗಿಂತ ಹಿಂದಿನವು. ಇಂದಿನ ರವಿವಾರ ಪೇಠವು ಮೊದಲು ಮಲಕಾಪುರವಾಗಿತ್ತು. ಸೋಮವಾರ ಪೇಠವು ಶಹಾಪುರವಾಗಿತ್ತು. ಹದಿನೆಂಟನೆಯ ಶತಮಾನದಲ್ಲಿ ಹಳೆಯ ಪೇಠಗಳು ವಾರದ ಹೆಸರುಗಳನ್ನು ಪಡೆದವು. ಸದಾಶಿವರಾವ ಭಾವು, ನಾರಾಯಣರಾವ ಪೇಶವೆ ಮೊದಲಾದವರ ಹೆಸರಿನಲ್ಲಿ ಹೊಸ ಪೇಠಗಳು ಹುಟ್ಟಿದವು. ಪೇಠವೊಂದನ್ನು ನೆಲೆಗೊಳಿಸುವಾಗ ಶೇಟೆ, ಮಹಾಜನರಿಗೆ ಅಧಿಕಾರ ಕೊಟ್ಟು, ಬಂದು ನೆಲಸುವ ವ್ಯಾಪಾರಿಗಳಿಗೆ ಕೆಲವು ವರ್ಷಗಳ ತೆರಿಗೆಯನ್ನು ಮಾಫಿ ಮಾಡುವ ಪದ್ಧತಿಯಿತ್ತು. ಅಂದರೆ ಅಂಗಡಿಕಾರನು ಹೊರಗಿನಿಂದ ಬರುವವನೆಂಬ ತಿಳಿವಳಿಕೆಯ ಮೇಲೆಯೇ ಈ ನಗರದ ಪೇಟೆಗಳು ಬೆಳೆದವು. ಪರಸ್ಥಳದವನು ಪುಣೆಯಲ್ಲಿ ಅಂಗಡಿ ಇಡುವುದು ನಿನ್ನೆ ಮೊನ್ನೆಯ ಸಂಗತಿಯಲ್ಲ.

ಈ ಬೀದಿಗಳ ಮನೆಗಳು ಕಟ್ಟಿಗೆಯ ಕಂಬ ತೊಲೆಗಳ ಚೌಕಟ್ಟಿನವು. ಕಲ್ಲಿನ ಅಡಿಪಾಯ, ಅದರ ಮೇಲೆ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತೆ. ನಡುವೆ ಇಟ್ಟಂಗಿ ಮಣ್ಣುಗಳ ಗೋಡೆ. ಎರಡು ಕಂಬಗಳ ನಡುವಣ ಜಾಗಕ್ಕೆ ಮರಾಠಿಯಲ್ಲಿ ಖಣವೆನ್ನುತ್ತಾರೆ, ಕನ್ನಡದಲ್ಲಿ ಅಂಕಣವೆನ್ನುತ್ತೇವೆ. ನಮ್ಮ ಹಳ್ಳಿಗಳಲ್ಲಿ ಇಂಥವರ ಮನೆ ಇಷ್ಟು ಅಂಕಣದ್ದೆಂದು ಹೇಳುವುದರಿಂದಲೇ ಅವರ ಅನುಕೂಲವು ತಿಳಿಯುತ್ತಿತ್ತು. ನೆಲ್ಲೂರಿನ ಕಡೆ ಇದೇ ಶಬ್ದವು ನಿವೇಶನದ ಅಳತೆಯಾಗಿದ್ದು, ಅಲ್ಲಿ ಒಂದು ಅಂಕಣವೆಂದರೆ ೭೨ ಚದರ ಅಡಿ, ಎಂಟಡಿಗೆ ಒಂಬತ್ತಡಿ. ಅಂಕಣದ ಅಗಲವು ಯಾರ ಇಚ್ಛೆಯಿಂದಲೂ ಗೊತ್ತಾದುದಲ್ಲ. ಭಾರ ಹೊತ್ತು ಬಾಗದೆ ನಿಲ್ಲಬಲ್ಲ, ಸುಲಭ ಬೆಲೆಗೆ ದೊರೆಯಬಲ್ಲ ತೊಲೆಯ ಉದ್ದವೇ ಅದನ್ನು ಗೊತ್ತುಮಾಡಿತು.

ವಾಡೆಯ ಒಡೆಯನು ಬೀದಿಯ ಕಡೆಯ ಅಂಕಣಗಳನ್ನು ಬಾಡಿಗೆಗೆ ಕೊಟ್ಟು, ತಾನು ಒಳಚೌಕದಲ್ಲಿಯೋ ಮೇಲ್ಮಾಳಿಗೆಯಲ್ಲಿಯೋ ವಾಸಿಸುತ್ತಿದ್ದನು. ಹೀಗೆ ಪುಣೆಯ ಸಣ್ಣ ಅಂಗಡಿಯು ಹುಟ್ಟಿನಿಂದಲೇ ಬೇರೊಬ್ಬರ ಮನೆಯ ಒಂದು ಭಾಗವಾಗಿತ್ತು. ಗೋಡೆ, ಮಾಡು, ನೆಲಗಳು ಒಡೆಯನವು. ಅಂಗಡಿಕಾರನದು ಒಳಗಿನ ಸಾಮಾನು ಮಾತ್ರ. ಈ ಸ್ಥಿತಿಯಿಂದ ಒಂದು ನಿಯಮವು ತಾನಾಗಿಯೇ ಹುಟ್ಟಿತು: ಗೋಡೆಗೆ ಹಾಕಿದ ಹಣ ಒಡೆಯನ ಪಾಲಾಗುತ್ತದೆ, ಎತ್ತಿಕೊಂಡು ಹೋಗಬಹುದಾದ ವಸ್ತುವಿಗೆ ಹಾಕಿದ ಹಣ ತನ್ನದಾಗಿಯೇ ಉಳಿಯುತ್ತದೆ. ಸಣ್ಣ ಅಂಗಡಿಯ ಸಾಮಾನುಗಳೆಲ್ಲ ಬಿಚ್ಚಿ ಕಟ್ಟಬಲ್ಲವಾಗಿದ್ದುದರ ಕಾರಣ ಇದೇ. ಮುಂಭಾಗಕ್ಕೆ ಬಾಗಿಲಿನ ಬದಲು ಉದ್ದುದ್ದ ಹಲಗೆಗಳು; ಮೇಲೆ ಕೆಳಗೆ ಕೊರೆದ ಕಾಲುವೆಯಲ್ಲಿ ಅವನ್ನು ಒಂದರ ಪಕ್ಕಕ್ಕೊಂದು ಸರಿಸಿ ನಿಲ್ಲಿಸುವುದು; ಕ್ರಮ ತಪ್ಪದಂತೆ ಪ್ರತಿಯೊಂದಕ್ಕೂ ಗುರುತಿನ ಅಂಕೆ. ರಾತ್ರಿ ಬಾಗಿಲಾಗಿದ್ದ ಹಲಗೆಯು ಹಗಲು ಕಟ್ಟೆಯ ಮುಂದಕ್ಕೆ ಚಾಚಿ ಸರಕು ಹರಡುವ ಮಣೆಯಾಗುತ್ತಿತ್ತು.

೩

ಕಿರಾಣಿಯ ಅಂಗಡಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬೀದಿಯಿಂದ ಎರಡು ಮೂರು ಅಡಿ ಎತ್ತರದ ಕಟ್ಟೆ. ಅದರ ಮೇಲೆ ಚಾಪೆ ಅಥವಾ ಗಾದಿ. ಸ್ವಲ್ಪ ಅನುಕೂಲವಂತನಾದರೆ ಒಂದು ಲೋಡು. ಅಂಗಡಿಕಾರನು ಕುಳಿತರೆ ಅವನ ಕಣ್ಣೂ ಬೀದಿಯಲ್ಲಿ ನಿಂತ ಗಿರಾಕಿಯ ಕಣ್ಣೂ ಸರಿಸುಮಾರು ಒಂದೇ ಮಟ್ಟಕ್ಕೆ ಬರುತ್ತವೆ. ಗಿರಾಕಿಯು ಒಳಗೆ ಬರುವುದಿಲ್ಲ. ಆದುದರಿಂದ ಅವನಿಗಾಗಿ ಜಾಗವಾಗಲಿ ಕುರ್ಚಿಯಾಗಲಿ ಬೇಡ. ಬಾಡಿಗೆ ಕೊಟ್ಟ ನೆಲವೆಲ್ಲ ಸರಕಿಗೆ. ಗಿರಾಕಿ ನಿಲ್ಲುವ ನೆಲ ಸರಕಾರದ್ದು! ಮಿತವ್ಯಯದ ಮೊದಲನೆಯ ಸೂತ್ರ ಇದು.

ಎರಡನೆಯ ಸೂತ್ರವು ಕೈಯ ಅಳತೆಯದು. ಆರು ಅಡಿ ಅಗಲದ ಅಂಕಣದ ನಟ್ಟನಡುವೆ ಕುಳಿತವನಿಗೆ ಎಡಬಲದ ಗೋಡೆಗಳು ತಲಾ ಮೂರು ಅಡಿ ದೂರದಲ್ಲಿರುತ್ತವೆ. ಗೋಡೆಗೆ ಅರ್ಧ ಅಡಿಯ ಹಲಗೆ ಹೊಡೆದರೆ ಉಳಿಯುವುದು ಎರಡೂವರೆ ಅಡಿ. ಇದು ಕುಳಿತವನು ಎದ್ದೇಳದೆ ಕೈ ಚಾಚಿ ಮುಟ್ಟಬಹುದಾದ ದೂರ. ಕೈಯಾಳನ್ನು ಇಡಲಾರದವನಿಗೆ ಇದರಷ್ಟು ಉಪಕಾರ ಮಾಡುವ ಅಳತೆ ಬೇರೊಂದಿಲ್ಲ. ಗಳಿಗೆಗೊಮ್ಮೆ ಬೇಕಾಗುವ ಉಪ್ಪು, ಸಕ್ಕರೆ, ಚಹದ ಪುಡಿಗಳು ಮೊಣಕಾಲಿನ ಬಳಿ. ದಿನಕ್ಕೆ ನಾಲ್ಕಾರು ಸಲ ಬೇಕಾಗುವ ಮಸಾಲೆಯ ಡಬ್ಬಿಗಳು ಎಡಬಲದ ಹಲಗೆಯ ಮೇಲೆ. ಹಬ್ಬ ಮದುವೆಗಳಲ್ಲಿ ಮಾತ್ರ ಕೇಳುವ ವಸ್ತುಗಳು ಬೆನ್ನ ಹಿಂದಿನ ಅಟ್ಟದಲ್ಲಿ. ಬೆಲೆಯುಳ್ಳ ಕೇಸರಿ, ಏಲಕ್ಕಿಗಳು ಗಲ್ಲಾ ಪೆಟ್ಟಿಗೆಯ ಮಗ್ಗುಲಲ್ಲಿ. ಮುಂದುಗಡೆ ದವಸದ ಚೀಲಗಳ ಬಾಯಿಯನ್ನು ಸುತ್ತ ಮಡಚಿ, ಹಿಂದಿನ ಸಾಲನ್ನು ಎತ್ತರಿಸಿ ಮೆಟ್ಟಿಲಿನಂತೆ ಜೋಡಿಸಿದರೆ ಅದೇ ಪ್ರದರ್ಶನದ ಕಪಾಟು. ಅದಕ್ಕೆ ತಗಲುವ ವೆಚ್ಚವು ಅಡಿಗೆ ಇಟ್ಟ ಎರಡು ಹಲಗೆ, ನಾಲ್ಕು ಇಟ್ಟಂಗಿಗಳದು.

ಮೂರನೆಯದು, ಒಂದು ವಸ್ತುವಿನಿಂದ ಹಲವು ಕೆಲಸಗಳನ್ನು ತೆಗೆಯುವುದು. ಗಲ್ಲೆಯ ಇಳಿಜಾರು ಮುಚ್ಚಳದ ಮೇಲೆಯೇ ಕಿರ್ದಿ ಬರೆಯುವುದು. ತೊಲೆಗೆ ಹೊಡೆದ ಕೊಕ್ಕೆಯಲ್ಲಿ ತಕ್ಕಡಿ. ಇನ್ನೊಂದು ಕೊಕ್ಕೆಯಲ್ಲಿ ದಾರದ ಉಂಡೆ. ಮತ್ತೊಂದರಿಂದ ಇಳಿಬಿಟ್ಟ ಹಗ್ಗ. ಸರಕಿನ ರಾಶಿಯ ನಡುವೆ ಕಾಲಿಡಲು ಎಡೆಯಿಲ್ಲದ ಅಂಗಡಿಕಾರನು ಈ ಹಗ್ಗವನ್ನು ಹಿಡಿದೇ ಏಳುತ್ತಿದ್ದನು, ಇಳಿಯುತ್ತಿದ್ದನು. ನೆಲವು ತುಂಬಿದಾಗ ಮಾಡಿನ ಕೆಳಗಿನ ಖಾಲಿ ಜಾಗವನ್ನು ದುಡಿಸಿಕೊಂಡ ಈ ಉಪಾಯದಲ್ಲಿ ಯಾವ ಶಿಲ್ಪಿಯೂ ನಾಚಬೇಕಾದ ಕುಂದಿಲ್ಲ.

೪

ಖಾಸಗಿಯ ಈ ಮಿತವ್ಯಯಕ್ಕೆ ಎದುರಾಗಿ ಸಾರ್ವಜನಿಕ ವೆಚ್ಚದ ಒಂದು ಪ್ರಸಂಗವನ್ನು ಇಲ್ಲಿ ವಿಚಾರಿಸಬೇಕು. ಪುಣೆಯ ಕಾಯಿಪಲ್ಯದ ಸಂತೆಯು ಬಹುಕಾಲ ಶನಿವಾರವಾಡೆಯ ಮುಂದಿನ ಬಯಲಿನಲ್ಲಿ ಕೂಡುತ್ತಿತ್ತು. ಪುರಸಭೆಯು ಶುಕ್ರವಾರ ಪೇಠದಲ್ಲಿ ಕಲ್ಲಿನ ಭವ್ಯವಾದ ಮಾರುಕಟ್ಟೆಯನ್ನು ಕಟ್ಟಿಸಿ, ೧೮೮೬ರಲ್ಲಿ ಆಗಿನ ಮುಂಬಯಿ ಗವರ್ನರ ಲಾರ್ಡ್ ರೇ ಅವರ ಹೆಸರಿನಿಂದ ಅದನ್ನು ತೆರೆಯಿತು. ನಡುವೆ ಎಂಟು ಮೂಲೆಯ ಗೋಪುರ, ಅದರಿಂದ ಹೊರಟ ಉದ್ದನೆಯ ಸಾಲುಗಳು, ಸಾಲಿನಲ್ಲಿ ಎತ್ತರದ ಕಟ್ಟೆಯ ಗಾಳೆಗಳು.

೧೮೭೬ರಿಂದ ಕೆಲವು ವರ್ಷ ಪುರಸಭೆಯ ಸದಸ್ಯರಾಗಿದ್ದ ಜೋತಿರಾವ ಫುಲೆಯವರು ಈ ಯೋಜನೆಯನ್ನು ವಿರೋಧಿಸಿದರು. ಬಡವರ ಮಕ್ಕಳ ವಿದ್ಯೆಗೆ ಹಣವಿಲ್ಲದಿರುವಾಗ ಕಟ್ಟಡದ ವೈಭವಕ್ಕೆ ಹಣ ಸುರಿಯುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಮುಂದೆ ಆಚಾರ್ಯ ಅತ್ರೆಯವರು ಪುರಸಭೆಯಲ್ಲಿದ್ದಾಗ ಅದೇ ಮಾರುಕಟ್ಟೆಗೆ ಮಹಾತ್ಮಾ ಫುಲೆ ಮಂಡಯಿ ಎಂಬ ಹೆಸರು ಬಂದಿತು. ಈ ವಿಪರ್ಯಾಸವನ್ನು ಎಲ್ಲರೂ ಹೇಳುತ್ತಾರೆ. ಆದರೆ ಅದರ ಹಿಂದಿರುವ ಆರ್ಥಿಕ ಪ್ರಶ್ನೆಯನ್ನು ಕೇಳುವವರು ವಿರಳ. ಬಯಲಿನಲ್ಲಿ ಕೂಡುವವಳಿಗೆ ಬುಟ್ಟಿ, ಗೋಣಿತಟ್ಟುಗಳಿದ್ದರೆ ಅಂಗಡಿಯಾಯಿತು. ಕಲ್ಲಿನ ಗಾಳೆಗೆ ಬಾಡಿಗೆಯಿದೆ. ಮಾಡು, ನೀರು, ಶುಚಿತ್ವ, ರಾತ್ರಿ ಸರಕು ಇಡುವ ಭದ್ರತೆ ಇವೆಲ್ಲ ದೊರೆತವೆಂಬುದು ನಿಜ. ಹಾಗೆಯೇ ಅಂಗಡಿ ಇಡುವುದಕ್ಕೆ ಬೇಕಾದ ಕನಿಷ್ಠ ಬಂಡವಾಳ ಏರಿತೆಂಬುದೂ ನಿಜ. ಒಳಗಿನ ಗಾಳೆಗಳು ತುಂಬಿದ್ದರೂ ಮಂಡಯಿಯ ಹೊರಸುತ್ತಿನಲ್ಲಿ ಬುಟ್ಟಿಯ ವ್ಯಾಪಾರವು ನಿಲ್ಲದಿರುವುದನ್ನು ವಾಚಕರು ಕಣ್ಣಾರೆ ಕಂಡಿದ್ದಾರೆ. ಅದು ಬರಿಯ ಅಶಿಸ್ತಲ್ಲ. ಗಾಳೆಯ ಬಾಡಿಗೆಯನ್ನು ತೆರಲಾರದವರ ಅಂಗಡಿ ಅದು.

ಹೀಗಿದ್ದರೂ ಮಂಡಯಿಯ ಒಳವಿನ್ಯಾಸವು ಪೇಟೆಯ ಅಂಗಡಿಯ ಸೂತ್ರವನ್ನೇ ಅನುಸರಿಸಿರುವುದು ಗಮನಾರ್ಹ. ಮಾರುವವರು ಮೇಲೆ ಕುಳಿತಿರುತ್ತಾರೆ; ಸರಕು ಇಳಿಜಾರಾಗಿ ಗಿರಾಕಿಯ ಕಡೆಗೆ ಹರಡಿರುತ್ತದೆ; ಕೊಳ್ಳುವವರು ಹಾದಿಯಲ್ಲಿ ನಿಲ್ಲುತ್ತಾರೆ. ಹೊರಮೈ ವಿಲಾಯತಿಯದಾದರೂ ಒಳಗಿನ ಅಂಕಣವು ಈ ನೆಲದ್ದೇ. ಇದೇ ಮಾತನ್ನು ತುಳಶೀಬಾಗಕ್ಕೂ ಹೇಳಬಹುದು. ನಾರೋ ಅಪ್ಪಾಜಿ ಖಿರೆಯವರು ೧೭೬೦ರ ದಶಕದಲ್ಲಿ ಕಟ್ಟಲು ತೊಡಗಿದ ರಾಮಮಂದಿರದ ಸುತ್ತ ಬೆಳೆದ ಆ ಪೇಟೆಯಲ್ಲಿ ಪಾತ್ರೆ, ಬಳೆ, ಕುಂಕುಮ, ಮಕ್ಕಳ ಆಟದ ಅಡಿಗೆಯ ಸಾಮಾನುಗಳ ಅಂಗಡಿಗಳು ಕೆಲವೇ ಅಡಿ ಅಗಲದವಾಗಿದ್ದೂ ತಲೆಮಾರುಗಳ ಕಾಲ ಬಾಳಿವೆ.

೫

ಅಲ್ಪ ವೆಚ್ಚದಲ್ಲಿ ಅಂಗಡಿಯನ್ನು ಸಜ್ಜುಗೊಳಿಸುವವನಿಗೆ ಪುಣೆಯ ಬೀದಿಗಳೇ ಒಂದು ಉಗ್ರಾಣವಾಗಿದ್ದವು. ಕಟ್ಟಿಗೆಯ ತೊಲೆ ಹಲಗೆಗಳಿಗೆ ಭವಾನಿ ಪೇಠದ ಅಡತಿಗಳು; ಮೊಳೆ, ಬಿಜಾಗರಿ, ಕೊಕ್ಕೆ, ಕೀಲಿಗಳಿಗೆ ರವಿವಾರ ಪೇಠದ ಬೋಹರಿ ಆಳಿ; ಬುಟ್ಟಿ ಮೊರಗಳಿಗೆ ಬುರುಡ ಆಳಿ; ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಸಬಾ ಪೇಠದ ತಾಂಬಟ ಆಳಿ. ಇವೆಲ್ಲಕ್ಕಿಂತ ಹೆಚ್ಚಾಗಿ ಬುಧವಾರ ಮತ್ತು ರವಿವಾರಗಳಂದು ಕೂಡುವ ಜುನಾ ಬಾಜಾರ. ಮುಚ್ಚಿಹೋದ ಅಂಗಡಿಯ ಕಪಾಟು, ಮುರಿದ ವಾಡೆಯ ಕಂಬ, ಹಳೆಯ ತಕ್ಕಡಿ—ಒಬ್ಬನ ವ್ಯಾಪಾರದ ಕೊನೆಯು ಇಂಥ ಕಡೆಯಲ್ಲಿ ಇನ್ನೊಬ್ಬನ ವ್ಯಾಪಾರದ ಆರಂಭಕ್ಕೆ ಒದಗಿಬರುತ್ತಿತ್ತು.

ಕೊಳ್ಳದೆಯೇ ಬಂದ ಸಾಮಾನುಗಳೂ ಉಂಟು. ನಾಲ್ಕು ಗ್ಯಾಲನ್ನಿನ ಸೀಮೆಎಣ್ಣೆಯ ಚೌಕಾಕಾರದ ಡಬ್ಬಿಯು ಬರಿದಾದ ಮೇಲೆ ಮುಚ್ಚಳ ಪಡೆದು ಬೇಳೆಯ ಡಬ್ಬಿಯಾಯಿತು. ಅದು ಚೌಕವಾದ್ದರಿಂದ ಸಾಲಾಗಿ ಇಟ್ಟರೆ ನಡುವೆ ಜಾಗ ಪೋಲಾಗದು, ಇಲಿಯು ಕೊರೆಯದು, ಒಂದೇ ಅಳತೆಯದಾದ್ದರಿಂದ ಹಲಗೆಗಳ ನಡುವಣ ಅಂತರವನ್ನು ಒಮ್ಮೆ ಗೊತ್ತುಮಾಡಿದರೆ ಮುಗಿಯಿತು. ವಿಲಾಯತಿ ಸರಕು ಬಂದ ದೇವದಾರಿನ ಪೆಟ್ಟಿಗೆಯನ್ನು ಬಿಚ್ಚಿದರೆ ಹಲಗೆ, ಮಗ್ಗುಲಾಗಿ ನಿಲ್ಲಿಸಿದರೆ ಗೂಡು. ಗಾಜಿನ ಬರಣಿಯೊಂದು ಮಾತ್ರ ಹಣ ಕೇಳುತ್ತಿತ್ತು. ಅದರಲ್ಲಿಟ್ಟ ಸರಕು ತಾನೇ ಮಾತಾಡುವುದರಿಂದ ಆ ಹಣ ವ್ಯರ್ಥವೂ ಆಗುತ್ತಿರಲಿಲ್ಲ. ಸ್ವದೇಶೀ ಚಳವಳಿಯ ಕಾಲದಲ್ಲಿ ಜನರಿಂದ ಒಂದೊಂದು ಪೈಸೆ ಕೂಡಿಸಿ ೧೯೦೮ರಲ್ಲಿ ಪುಣೆಯ ಸಮೀಪದ ತಳೇಗಾವದಲ್ಲಿ ಪೈಸಾ ಫಂಡ ಗಾಜಿನ ಕಾರಖಾನೆಯನ್ನು ಸ್ಥಾಪಿಸಿದರು. ಕರಾಡದ ಬಳಿ ಓಗಲೆಯವರ ಗಾಜಿನ ಕಾರಖಾನೆಯು ೧೯೧೬ರಲ್ಲಿ ಆರಂಭವಾಯಿತು. ಆ ಚಳವಳಿಯ ಚರಿತ್ರೆಯಲ್ಲಿ ೧೯೦೫ರ ಅಕ್ಟೋಬರದಲ್ಲಿ ಪುಣೆಯಲ್ಲಿ ನಡೆದ ವಿಲಾಯತಿ ಬಟ್ಟೆಯ ಹೋಳಿಯನ್ನು ನೆನೆಯುತ್ತೇವೆ. ಅದೇ ಚಳವಳಿಯು ನಾಡಿನ ಗಾಜನ್ನೂ ತಯಾರಿಸಿತೆಂಬುದನ್ನು ಅದರೊಡನೆ ನೆನೆಯಬೇಕು.

ಅತ್ಯಂತ ಅಗ್ಗದ ಸಾಮಾನೆಂದರೆ ಫಲಕ. ಉದ್ರಿ ಕೇಳಬಾರದು, ಸರಕನ್ನು ಮುಟ್ಟಬಾರದು, ವಿಳಾಸ ವಿಚಾರಿಸಬಾರದು ಎಂಬ ಅರ್ಥದ ಚುಟುಕು ಬರೆಹಗಳಿಗೆ ಪುಣೆ ಪ್ರಸಿದ್ಧವಾಗಿದೆ. ಅವನ್ನು ಇಲ್ಲಿಯವರ ಒರಟುತನದ ಗುರುತೆಂದು ನಗುವವರು, ಕೈಯಾಳಿಲ್ಲದ ಅಂಗಡಿಯಲ್ಲಿ ಆ ಹಲಗೆಯೇ ಕೈಯಾಳೆಂಬುದನ್ನು ಮರೆಯುತ್ತಾರೆ.

೬

ಕುಳಿತು ಮಾರುವ ಅಂಗಡಿಯಿಂದ ನಿಂತು ಮಾರುವ ಅಂಗಡಿಗೆ ಆದ ಪರಿವರ್ತನೆಯು ಈ ಇತಿಹಾಸದ ದೊಡ್ಡ ತಿರುವು. ೧೮೧೮ರಲ್ಲಿ ಪೇಶವೆಯರ ರಾಜ್ಯ ಮುಗಿದ ತರುವಾಯ ಬೆಳೆದ ದಂಡಿನ ಪ್ರದೇಶದಲ್ಲಿ ಗಾಜಿನ ಕಿಟಕಿ, ಕೌಂಟರು, ಕುರ್ಚಿಗಳ ಅಂಗಡಿಗಳು ಬಂದವು. ಕ್ರಮೇಣ ಆ ಮಾದರಿಯು ನಗರದ ಪೇಠಗಳಿಗೂ ಹಬ್ಬಿತು. ಕೌಂಟರಿನ ಲೆಕ್ಕವನ್ನು ನೋಡೋಣ. ಒಂಬತ್ತು ಅಡಿ ಆಳದ ಅಂಕಣದಲ್ಲಿ ಹಿಂದಿನ ಕಪಾಟಿಗೆ ಒಂದಡಿ, ಮಾರುವವನು ನಿಂತು ತಿರುಗಲು ಎರಡೂವರೆ ಅಡಿ, ಕೌಂಟರಿಗೆ ಎರಡಡಿ. ಉಳಿದ ಮೂರೂವರೆ ಅಡಿ ಗಿರಾಕಿಗೆ. ಹಿಂದೆ ಸರಕು ತುಂಬಿದ್ದ ನೆಲದ ಅರ್ಧಕ್ಕಿಂತ ಹೆಚ್ಚು ಭಾಗವು ಈಗ ಬರಿಯ ನಿಲ್ಲುವುದಕ್ಕೆ ಹೋಯಿತು. ಅದಕ್ಕೆ ತಕ್ಕಂತೆ ಸರಕು ಗೋಡೆ ಹತ್ತಿತು, ಏಣಿ ಬಂದಿತು, ದೀಪ ಹೆಚ್ಚಿತು, ವೆಚ್ಚವೂ ಹೆಚ್ಚಿತು. ಪ್ರತಿಯಾಗಿ ಗಿರಾಕಿಗೆ ನೆರಳು ದೊರೆಯಿತು. ಹೆಣ್ಣುಮಕ್ಕಳು ಬೀದಿಯಲ್ಲಿ ನಿಲ್ಲದೆ ಒಳಗೆ ಬಂದು ಬಟ್ಟೆಯನ್ನು ಆರಿಸುವುದು ಸಾಧ್ಯವಾಯಿತು. ಇದನ್ನು ಲಾಭವೆನ್ನದೆ ವಿಧಿಯಿಲ್ಲ.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಕಾನೂನುಗಳೂ ಅಂಗಡಿಯ ಒಳಗನ್ನು ತಿದ್ದಿದವು. ೧೯೪೭ರ ಮುಂಬಯಿ ಬಾಡಿಗೆ ನಿಯಂತ್ರಣ ಕಾನೂನಿನಿಂದ ಹಳೆಯ ಬಾಡಿಗೆಗಳು ಏರದೆ ನಿಂತವು. ಇದರಿಂದ ಇದ್ದವನಿಗೆ ರಕ್ಷಣೆ ದೊರೆಯಿತು. ಹೊಸದಾಗಿ ಬರುವವನು ಮಾತ್ರ ಪಗಡಿಯೆಂಬ ಇಡುಗಂಟನ್ನು ತೆರಬೇಕಾಯಿತು. ಬಂಡವಾಳದ ದೊಡ್ಡ ಪಾಲು ಬಾಗಿಲಿನಲ್ಲಿಯೇ ಮುಗಿದರೆ ಒಳಗಿನ ಸಜ್ಜಿಕೆಗೆ ಉಳಿಯುವುದೆಷ್ಟು? ಒಡೆಯನಿಗೆ ದುರಸ್ತಿ ಮಾಡಿಸುವ ಉತ್ಸಾಹವಿಲ್ಲ. ಎಷ್ಟೋ ವಾಡೆಗಳ ಮುಖವು ಹಳತಾಗಿಯೇ ಉಳಿದುದಕ್ಕೂ, ಕಡೆಗೆ ಅವು ಒಮ್ಮೆಲೇ ನೆಲಸಮವಾದುದಕ್ಕೂ ಇದೊಂದು ಕಾರಣ. ಆ ಕಾನೂನಿನ ಸ್ಥಾನದಲ್ಲಿ ೧೯೯೯ರ ಮಹಾರಾಷ್ಟ್ರ ಕಾನೂನು ೨೦೦೦ದಿಂದ ಜಾರಿಗೆ ಬಂದಿತು. ೧೯೫೭ರ ಏಪ್ರಿಲಿನಲ್ಲಿ ದಶಮಾಂಶ ನಾಣ್ಯಗಳೂ, ೧೯೫೮ರ ಅಕ್ಟೋಬರದಿಂದ ಹಂತಹಂತವಾಗಿ ಮೆಟ್ರಿಕ್ ತೂಕಗಳೂ ಬಂದಾಗ, ಸೇರು, ಪಾವು, ಛಟಾಕುಗಳ ಕಲ್ಲುಗಳು ನಿರುಪಯುಕ್ತವಾಗಿ ಹೊಸ ಸೆಟ್ಟನ್ನು ಕೊಳ್ಳಬೇಕಾಯಿತು. ದೊಡ್ಡವರಿಗೆ ಇದು ಗಣನೆಗೆ ಬಾರದ ವೆಚ್ಚ. ಸಣ್ಣವನಿಗೆ ಹೊಸದೊಂದು ಹೊರೆ.

೧೯೬೧ರ ಜುಲೈ ೧೨ರಂದು ಪಾನಶೇತ ಅಣೆಕಟ್ಟು ಒಡೆದು ಮುಠಾ ನದಿಯ ನೀರು ಪೇಠಗಳಿಗೆ ನುಗ್ಗಿದಾಗ ಮನೆಗಳೊಡನೆ ಅಂಗಡಿಗಳೂ ಹಾಳಾದವು. ಒಂದು ಬೆಳಗಿನಲ್ಲಿ ಹೋದದ್ದು ಸರಕು ಮಾತ್ರವಲ್ಲ. ಯಾರಿಂದ ಎಷ್ಟು ಬರಬೇಕೆಂದು ಬರೆದಿಟ್ಟ ಉದ್ರಿಯ ಪುಸ್ತಕಗಳೂ ನೀರಿನ ಪಾಲಾದವು. ಸಣ್ಣ ಅಂಗಡಿಯ ನಿಜವಾದ ಬಂಡವಾಳ ಆ ಪುಸ್ತಕದಲ್ಲಿರುತ್ತದೆಂಬುದನ್ನು ವ್ಯಾಪಾರ ಬಲ್ಲವರಿಗೆ ಹೇಳಬೇಕಾಗಿಲ್ಲ.

೭

ಈ ಚರಿತ್ರೆಯಲ್ಲಿ ಕನ್ನಡದ ನಂಟು ಎಲ್ಲೆಲ್ಲಿ ಕಾಣುತ್ತದೆ? ೧೮೮೫ರ ಪುಣೆ ಗ್ಯಾಝೆಟಿಯರಿನಲ್ಲಿ ಲಿಂಗಾಯತ ವಾಣಿಗಳನ್ನು ಜಿಲ್ಲೆಯ ವ್ಯಾಪಾರಿ ವರ್ಗಗಳಲ್ಲಿ ಒಂದಾಗಿ ವರ್ಣಿಸಿದೆ. ೧೮೯೩ರಿಂದ ಇಂದಿನವರೆಗೂ ಸಾರ್ವಜನಿಕ ಗಣಪತಿಗೆ ಹೆಸರು ಕೊಟ್ಟಿರುವ ದಗಡೂಶೇಟ ಹಲವಾಯಿಯವರು ಲಿಂಗಾಯತ ಸಮಾಜದ ಮಿಠಾಯಿಯ ವ್ಯಾಪಾರಿಗಳಾಗಿದ್ದರು. ಇಂಥ ಮನೆತನಗಳಲ್ಲಿ ಎಷ್ಟೋ ಮರಾಠಿಯನ್ನೇ ಮನೆಮಾತಾಗಿ ಒಪ್ಪಿಕೊಂಡವು. ಆದರೂ ಅಂಗಡಿಯ ಭಾಷೆ ಎರಡೂ ಕಡೆಯವರಿಗೆ ಪರಕೀಯವಾಗಿರಲಿಲ್ಲ. ನಮ್ಮ ಕಿರ್ದಿ, ಖಾತೆ, ಉದ್ರಿ, ಗಲ್ಲಾಗಳು ಅವರಲ್ಲಿಯೂ ಅಲ್ಪಸ್ವಲ್ಪ ರೂಪಭೇದದಿಂದ ಇವೆ. ಧಾರವಾಡ, ವಿಜಾಪುರಗಳ ಕಡೆಯಿಂದ ಬಂದವನು ಮರಾಠಿ ಕಲಿಯುವ ಮೊದಲೇ ಮರಾಠಿಯ ಲೆಕ್ಕವನ್ನು ಬಲ್ಲವನಾಗಿದ್ದನು.

ವಿಪರೀತ ದಿಕ್ಕಿನ ಉದಾಹರಣೆಯೂ ಒಂದಿದೆ. ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಜನಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು ಮುಂಬಯಿಯಲ್ಲಿ ಚಿತ್ರಕಲೆ ಕಲಿಯಲು ಹೋಗಿ, ಬಣ್ಣಗಳ ಭೇದ ಸರಿಯಾಗಿ ಕಾಣದ ದೃಷ್ಟಿದೋಷದಿಂದ ಅದನ್ನು ಬಿಟ್ಟು ಯಂತ್ರಗಳ ನಕ್ಷೆ ಬರೆಯುವ ವಿದ್ಯೆಯನ್ನು ಹಿಡಿದರು. ಅವರೂ ಅವರ ಅಣ್ಣಂದಿರಾದ ರಾಮುವಣ್ಣನವರೂ ೧೮೮೮ರಲ್ಲಿ ಬೆಳಗಾವಿಯಲ್ಲಿ ಇಟ್ಟದ್ದು ಒಂದು ಸೈಕಲ್ಲಿನ ಅಂಗಡಿ. ಆ ಸಣ್ಣ ಅಂಗಡಿಯ ಬೆಳೆವಣಿಗೆಯೇ ೧೯೧೦ರ ಕಿರ್ಲೋಸ್ಕರವಾಡಿ. ಅದೇ ಮನೆತನದ ಉದ್ಯಮವು ೧೯೪೬ರಲ್ಲಿ ಪುಣೆಯ ಖಡಕಿಯಲ್ಲಿ ತೈಲಯಂತ್ರಗಳ ಕಾರಖಾನೆಯಾಗಿ ನಿಂತಿತು. ಕಾರಖಾನೆಯ ಚರಿತ್ರೆ ಬರೆಯುವವರು ಮೊದಲನೆಯ ಪುಟವನ್ನು ಅಂಗಡಿಗೆ ಮೀಸಲಿಡಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. ಕಾರ್ಕಳದ ಕಡೆಯಿಂದ ಬಂದು ವೈಶಾಲಿ, ರೂಪಾಲಿಗಳನ್ನು ಬೆಳೆಸಿದ ಜಗನ್ನಾಥ ಶೆಟ್ಟರ ಮಾತನ್ನೂ ಇಲ್ಲಿ ಎತ್ತಬಹುದು. ಆದರೆ ಹೋಟೆಲಿನ ಒಳವಿನ್ಯಾಸವು ಪ್ರತ್ಯೇಕ ಲೇಖನಕ್ಕೆ ಯೋಗ್ಯವಾದ ವಿಷಯ.

೮

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ನೆಲವನ್ನು ಸರಕಿಗೆ ಉಳಿಸುವುದು, ಸರಕನ್ನು ಕೈಯಳತೆಯಲ್ಲಿಡುವುದು, ಒಂದು ವಸ್ತುವಿನಿಂದ ಹಲವು ಉಪಯೋಗ ಪಡೆಯುವುದು, ಬೇರೆಯವರ ಗೋಡೆಗೆ ತನ್ನ ಹಣವನ್ನು ಅಂಟಿಸದಿರುವುದು—ಇವು ಸಣ್ಣ ಅಂಗಡಿಯ ನಾಲ್ಕು ಸೂತ್ರಗಳು. ಇವನ್ನು ಯಾವ ಶಾಲೆಯೂ ಕಲಿಸಲಿಲ್ಲ, ಕೊರತೆಯು ಕಲಿಸಿತು. ಇಂದು ಗಾಜಿನ ಬಾಗಿಲು, ಹುಸಿ ಮಾಡು, ತಂಪು ಯಂತ್ರಗಳಿಗಾಗಿ ಸಾಲ ತೆಗೆದು, ಸರಕಿಗೆ ಹಣವಿಲ್ಲದೆ ವರ್ಷದೊಳಗೆ ಮುಚ್ಚುವ ಅಂಗಡಿಗಳನ್ನು ಕಾಣುವಾಗ ಈ ಸೂತ್ರಗಳು ಕೇವಲ ಇತಿಹಾಸವೆಂದು ಹೇಳಲು ಮನಸ್ಸಾಗುವುದಿಲ್ಲ.

ಪೇಠಗಳ ವಾಡೆಗಳು ಒಂದೊಂದಾಗಿ ಉರುಳಿ ಬಹುಮಹಡಿಯ ಕಟ್ಟಡಗಳು ಏಳುತ್ತಿವೆ. ವಾಡೆಯೊಡನೆ ಅದರ ಬೀದಿಯ ಅಂಕಣವೂ ಹೋಗುತ್ತದೆ. ರಾಜವಾಡೆಗಳನ್ನು ಕಾಪಾಡಲು ಇಲಾಖೆಗಳಿವೆ. ಕಿರಾಣಿಯ ಕಟ್ಟೆಯನ್ನು ಕಾಪಾಡಬೇಕೆಂದು ಯಾರೂ ಕೇಳಲಾರರು, ಕೇಳುವುದು ಸಾಧುವೂ ಅಲ್ಲ. ಜೀವಂತ ವ್ಯಾಪಾರವು ಬದಲಾಗಲೇಬೇಕು. ಆದರೆ ಹೋಗುವ ಮೊದಲು ಅದರ ಅಳತೆಯನ್ನು ತೆಗೆದಿಡುವುದು ಅಸಾಧ್ಯವಲ್ಲ. ನಮ್ಮ ಸಂಘದ ಸದಸ್ಯರಲ್ಲಿ ಅಂಗಡಿಯ ಮನೆತನದವರಿದ್ದಾರೆ. ನಕ್ಷೆ ಬರೆಯಬಲ್ಲ ಎಂಜಿನಿಯರರಿದ್ದಾರೆ. ಹಳೆಯ ಮೋಡಿ ಲಿಪಿಯ ಲೆಕ್ಕವನ್ನು ಓದಬಲ್ಲವರೂ ಇಲ್ಲದಿಲ್ಲ. ಒಬ್ಬೊಬ್ಬರು ಒಂದೊಂದು ಅಂಗಡಿಯನ್ನು ಆರಿಸಿಕೊಂಡು ಅದರ ಅಗ��, ಆಳ, ಕಟ್ಟೆಯ ಎತ್ತರಗಳನ್ನೂ ಕಪಾಟು ಗಲ್ಲೆಗಳ ಸ್ಥಾನವನ್ನೂ ಅವು ಬಂದ ಬಗೆಯನ್ನೂ ಬರೆದಿಟ್ಟರೆ, ಈ ನಗರದಲ್ಲಿ ಪರಸ್ಥಳದವರು ಹೇಗೆ ಬೇರೂರಿದರೆಂಬುದರ ನಂಬತಕ್ಕ ಆಧಾರವೊಂದು ಸಿದ್ಧವಾಗುತ್ತದೆ. ಅಂಥ ಬರೆಹಗಳಿಗೆ ಈ ತ್ರೈಮಾಸಿಕದ ಪುಟಗಳಲ್ಲಿ ಸ್ಥಳ ದೊರೆಯಬೇಕು. ಸಾವುಕಾರನ ದಫ್ತರವು ನೂರು ವರ್ಷ ಕಾಯಬಲ್ಲದು; ಅಂಗಡಿಯ ಹಲಗೆಯು ಕಾಯಲಾರದು.